ಕುಂದಗೋಳದ ಗುರುಮನೆ: ಸವಾಯಿ ಗಂಧರ್ವರು

ಕವಿ ಗತಿಸಿದ ಮೇಲೆ ಅವನ ಕಾವ್ಯ ಉಳಿಯುತ್ತದೆ. ಶಿಲ್ಪಿ ಗತಿಸಿದ ಮೇಲೆ ಅವನು ಕಡೆದ ಶಿಲೆ ಉಳಿಯುತ್ತದೆ. ಗಾಯಕನ ಪಾಡು ಹಾಗಲ್ಲ. ಅವನ ಕೃತಿ ಅವನ ಉಸಿರಿನಲ್ಲಿಯೇ ಹುಟ್ಟಿ ಉಸಿರಿನಲ್ಲಿಯೇ ಅಡಗುವಂಥದು. ಕೆಲವು ಧ್ವನಿಮುದ್ರಿಕೆಗಳನ್ನು ಬಿಟ್ಟರೆ ಅವನ ನಿಜವಾದ ಆಸ್ತಿ ಶಿಷ್ಯರೇ. ಸಾಯುವುದಕ್ಕೆ ಹತ್ತು ವರ್ಷ ಮೊದಲೇ ಹಾಡುವ ಶಕ್ತಿಯನ್ನು ಕಳೆದುಕೊಂಡ ಸವಾಯಿ ಗಂಧರ್ವರ ಬಾಳಿನಲ್ಲಿ ಈ ಮಾತು ಅಕ್ಷರಶಃ ನಿಜವಾಯಿತು.

ಅವರ ಹುಟ್ಟುಹೆಸರು ರಾಮಚಂದ್ರ; ತಂದೆ ಗಣೇಶ ಸಂಶಿ. ಬಳಗದವರಿಗೆಲ್ಲ ಅವರು ರಾಮಭಾವು. 1886ರ ಜನವರಿ 19ರಂದು ಅವರು ಜನಿಸಿದ ಕುಂದಗೋಳ ಇಂದು ಧಾರವಾಡ ಜಿಲ್ಲೆಯಲ್ಲಿದೆ. ಆಗ ಅದು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಮನೆಯ ಸ್ಥಿತಿ ಸಾಧಾರಣವಾದುದು. ಆದರೆ ಅದೇ ಊರಿನಲ್ಲಿ ನಾಡಿಗೇರ ಮನೆತನದ ವಾಡೆಯಿತ್ತು. ದೊಡ್ಡ ದೊಡ್ಡ ಗವಾಯಿಗಳು ಬಂದಿಳಿದು ಹಾಡುತ್ತಿದ್ದ ರಸಿಕರ ಮನೆಯದು. ಬಾಲಕ ರಾಮಭಾವು ಮೊದಲು ಬಳವಂತರಾವ್ ಕೊಲ್ಹಟಕರರಲ್ಲಿ ಅಭ್ಯಾಸಮಾಡಿ, ಅವರು ತೀರಿಕೊಂಡ ಮೇಲೆ ಖಾನಸಾಹೇಬ ಅಬ್ದುಲ್ ಕರೀಂ ಖಾನರನ್ನು ಆಶ್ರಯಿಸಿದರು.

ಖಾನಸಾಹೇಬರು ಉತ್ತರದ ಕೈರಾನಾ ಎಂಬ ಊರಿನವರು. ಕಿರಾಣಾ ಘರಾಣೆಗೆ ಹೆಸರು ಬಂದುದು ಆ ಊರಿನಿಂದಲೇ. ಅವರು ಮೈಸೂರಿನ ಆಸ್ಥಾನಕ್ಕೆ ಹೋಗಿ ಬಂದವರು. ಕರ್ನಾಟಕ ಸಂಗೀತವನ್ನು ಗೌರವದಿಂದ ಕೇಳಿ, ಸರಿಗಮಗಳನ್ನು ಬಿಡಿಸಿ ಹಾಡುವ ಅದರ ರೀತಿಯನ್ನು ತಮ್ಮ ಗಾಯನದಲ್ಲಿ ಸೇರಿಸಿಕೊಂಡವರು. ಒಂದೊಂದು ಸ್ವರವನ್ನೂ ನೆಮ್ಮದಿಯಿಂದ ನಿಲ್ಲಿಸಿ, ರಾಗವನ್ನು ಮೆಲ್ಲಮೆಲ್ಲನೆ ಅರಳಿಸುವುದು ಅವರ ಪದ್ಧತಿ. ಅವರ ಕಂಠ ಸಹಜವಾಗಿಯೇ ಮಧುರವಾಗಿತ್ತು. ಶಿಷ್ಯನಿಗೆ ಆ ಭಾಗ್ಯವಿರಲಿಲ್ಲ. ರಾಮಭಾವುಗಳ ಕಂಠ ಒರಟು, ಸುಲಭವಾಗಿ ಬಾಗದಂಥದು. ಹಿರಿಯ ಗಾಯಕರಾದ ಮೇಲೂ ಕಛೇರಿಯ ಆರಂಭದಲ್ಲಿ ಅದು ಹದಕ್ಕೆ ಬರಲು ಹೊತ್ತು ಹಿಡಿಯುತ್ತಿತ್ತು. ಗುರುವಿಗೆ ದೈವದತ್ತವಾದುದನ್ನು ಶಿಷ್ಯನು ಬೆವರು ಸುರಿಸಿ ಸಂಪಾದಿಸಬೇಕಾಯಿತು. ಈ ಶ್ರಮವೇ ಮುಂದೆ ಅವರನ್ನು ಸಮರ್ಥ ಗುರುವನ್ನಾಗಿ ಮಾಡಿತೆಂದು ತೋರುತ್ತದೆ.

ವಿದ್ಯೆ ಕೈಗೂಡುತ್ತಲೇ ಅವರು ಗುರುವಿನ ಮನಸ್ಸಿಗೆ ಒಪ್ಪದ ಕೆಲಸವೊಂದನ್ನು ಮಾಡಿದರು: ಮರಾಠಿ ಸಂಗೀತ ನಾಟಕವನ್ನು ಸೇರಿದರು. ಸ್ತ್ರೀಪಾತ್ರಗಳನ್ನು ಪುರುಷರೇ ವಹಿಸುತ್ತಿದ್ದ ಕಾಲವದು. ಕುಂದಗೋಳದ ಈ ಕನ್ನಡಿಗನು ಸುಭದ್ರೆಯಾಗಿ ಮಹಾರಾಷ್ಟ್ರವನ್ನು ಮರುಳುಮಾಡಿದನು. ಆಗ ಆ ರಂಗಭೂಮಿಯ ಕಣ್ಮಣಿಯಾಗಿದ್ದವರು ಬಾಲಗಂಧರ್ವರು. ಅವರಿಗಿಂತ ಕಾಲುಪಾಲು ಮಿಗಿಲೆಂಬ ಅರ್ಥದ ಸವಾಯಿ ಗಂಧರ್ವ ಎಂಬ ಬಿರುದು ಅಮರಾವತಿಯಲ್ಲಿ ಇವರಿಗೆ ಸಂದಿತು. ರಂಗಭೂಮಿ ಅವರಿಗೆ ಕೀರ್ತಿಯನ್ನು ಕೊಟ್ಟಿತು. ಪ್ರತಿಯಾಗಿ ಯೌವನದ ಎಷ್ಟೋ ವರ್ಷಗಳನ್ನು ತೆಗೆದುಕೊಂಡಿತು.

ಹಳಿಯಾಳ, ದಾಂಡೇಲಿ, ಜೋಯಿಡಾಗಳ ವಾಚಕರಿಗೆ ಈ ಕಥೆ ದೂರದ್ದೆನಿಸದು. ಕನ್ನಡ, ಮರಾಠಿ, ಕೊಂಕಣಿಗಳು ಒಂದೇ ಸಂತೆಯಲ್ಲಿ ಕೇಳಿಬರುವ ಸೀಮೆಯಿದು. 1956ರವರೆಗೆ ಧಾರವಾಡದಂತೆ ಇದೂ ಮುಂಬಯಿ ಆಡಳಿತಕ್ಕೆ ಒಳಪಟ್ಟಿತ್ತು. ಮನೆಯ ನುಡಿ ಒಂದು, ಹೊಟ್ಟೆಪಾಡಿನ ನುಡಿ ಇನ್ನೊಂದು ಎಂಬುದು ಇಲ್ಲಿಯವರಿಗೆ ಹೊಸತಲ್ಲ. ರಾಮಭಾವುಗಳು ಹಾಗೆ ಎರಡು ನುಡಿಗಳ ನಡುವೆ ಬಾಳಿದವರು. ಅವರ ಸಂಗೀತ ಎರಡೂ ಕಡೆಯವರಿಗೆ ತಮ್ಮದಾಗಿತ್ತು.

ನಾಟಕದ ನಂಟು ಕಡಿದ ಮೇಲೆ ಅವರ ಸುತ್ತ ಒಂದು ಚಿಕ್ಕ ಶಿಷ್ಯಬಳಗ ಕೂಡಿತು. ಅದರಲ್ಲಿ ಮೂವರ ಹಿನ್ನೆಲೆಯನ್ನು ಗಮನಿಸಬೇಕು. ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳು ಹಿಂದೂಸ್ತಾನಿ ಪದ್ಧತಿಯನ್ನು ಹಿಡಿದಾಗ ಅವಳಿಗೆ ತೊಡಕಾಗಬಾರದೆಂದು ತಮ್ಮ ಹಾಡುಗಾರಿಕೆಯನ್ನೇ ಬಿಟ್ಟ ತಾಯಿ ಆಕೆ. ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಬಂದು ಪಾಠ ಹೇಳಿಸಿಕೊಂಡು ಮರಳುತ್ತಿದ್ದರು. ಭೀಮಸೇನ ಜೋಶಿ ಗದಗಿನ ಕಡೆಯ ಉಪಾಧ್ಯಾಯರೊಬ್ಬರ ಮಗ. ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆಯನ್ನು ಕೇಳಿ ಮರುಳಾಗಿ, ಗುರುವನ್ನರಸಿ ಎಳೆಯ ವಯಸ್ಸಿನಲ್ಲಿಯೇ ಮನೆಬಿಟ್ಟು ಓಡಿದ ಹುಡುಗ. ಗ್ವಾಲಿಯರ್, ಜಲಂಧರ್ ಎಂದು ಉತ್ತರ ದೇಶವನ್ನೆಲ್ಲ ಸುತ್ತಿದ ಮೇಲೆ, ಅರಸುತ್ತಿದ್ದ ಗುರು ತನ್ನ ಊರಿನ ಸಮೀಪದಲ್ಲಿಯೇ ಇದ್ದಾನೆಂದು ಅವನಿಗೆ ತಿಳಿಯಿತು. 1936ರಿಂದ ಕೆಲವು ವರ್ಷ ಅವನು ಗುರುವಿನ ಮನೆಯಲ್ಲಿದ್ದು, ಮನೆಗೆಲಸ ಮಾಡಿಕೊಂಡು ಕಲಿತನು. ಮೂರನೆಯವರು ಮುಂಬಯಿಯ ಪಾರಸಿ ತರುಣ ಫಿರೋಜ್ ದಸ್ತೂರ್. 1933ರ ಲಾಲ್-ಎ-ಯಮನ್ ಮೊದಲಾದ ವಾಕ್ಚಿತ್ರಗಳಲ್ಲಿ ನಟಿಸಿ ಹಾಡಿದವರು.

ಹೀಗೆ ಒಬ್ಬರು ದಕ್ಷಿಣಾದಿಯ ಮನೆಯಿಂದ, ಒಬ್ಬರು ಬೀದಿ ಅಲೆತದಿಂದ, ಇನ್ನೊಬ್ಬರು ಚಿತ್ರಶಾಲೆಯಿಂದ ಬಂದರು. ಗುರುಗಳು ಅವರಿಗೆ ರಾಗಗಳ ರಾಶಿಯನ್ನು ಸುರಿಯಲಿಲ್ಲ. ಭೀಮಸೇನರ ಅಭ್ಯಾಸ ಬಹುಕಾಲ ತೋಡಿ, ಮುಲ್ತಾನಿ, ಪೂರಿಯಾಗಳಲ್ಲಿಯೇ ನಡೆಯಿತು. ಕೆಲವೇ ರಾಗಗಳಲ್ಲಿ ಸ್ವರದ ಸ್ಥಾನ ಗಟ್ಟಿಯಾದರೆ ಉಳಿದ ರಾಗಗಳ ಬಾಗಿಲು ತಾನಾಗಿ ತೆರೆಯುತ್ತದೆಂಬುದು ಆ ಮನೆಯ ನಂಬಿಕೆ. ಒಬ್ಬರು ತಪ್ಪಿದ್ದನ್ನು ತಿದ್ದುವಾಗ ಕುಳಿತು ಕೇಳಿದ ಇನ್ನೊಬ್ಬರಿಗೂ ಅದೇ ಪಾಠವಾಗುತ್ತಿತ್ತು.

1942ರಲ್ಲಿ ಗುರುವಿಗೆ ಪಾರ್ಶ್ವವಾಯು ಬಡಿಯಿತು. ಎಷ್ಟೋ ವರ್ಷ ದುಡಿದು ಪಳಗಿಸಿದ ಕಂಠ ಒಮ್ಮೆಲೇ ಸೋತಿತು. ಆಗ ಅವರ ವಯಸ್ಸು ಐವತ್ತಾರು. ಗಾಯಕನ ಅನುಭವ ಪಕ್ವವಾಗುವ ಕಾಲ. ಅವರು ಇನ್ನೊಂದು ಐದು ವರ್ಷ ತಡಮಾಡಿ ಪಾಠಕ್ಕೆ ಕುಳಿತಿದ್ದರೆ ಈ ವಿದ್ಯೆಯ ಬಹುಭಾಗ ಅವರೊಂದಿಗೇ ಹೋಗಿಬಿಡುತ್ತಿತ್ತು. 1952ರ ಸೆಪ್ಟೆಂಬರ್ 12ರಂದು ಪುಣೆಯಲ್ಲಿ ಅವರು ತೀರಿಕೊಂಡರು. ಮರುವರ್ಷವೇ ಅವರ ಹೆಸರಿನಲ್ಲಿ ಪುಣೆಯಲ್ಲಿ ಸಂಗೀತೋತ್ಸವ ಆರಂಭವಾಯಿತು. ಭೀಮಸೇನರು ಅದನ್ನು ದಶಕಗಳ ಕಾಲ ಮುಂದೆ ನಿಂತು ನಡೆಸಿದರು. ಫಿರೋಜ್ ದಸ್ತೂರರು 2008ರಲ್ಲಿ, ಗಂಗೂಬಾಯಿಯವರು 2009ರಲ್ಲಿ, ಭಾರತರತ್ನ ಪಡೆದ ಭೀಮಸೇನರು 2011ರಲ್ಲಿ ಕಾಲವಾದರು.

ಈ ಮೂವರ ಗಾಯನದಲ್ಲಿ ಒಂದು ವಿಶೇಷವಿದೆ. ಗಂಗೂಬಾಯಿಯವರದು ಗಂಭೀರವಾದ, ಗಂಡುದನಿಯಂಥ ಕಂಠ. ಭೀಮಸೇನರದು ಮಳೆಗಾಲದ ಹೊಳೆಯ ರಭಸ. ದಸ್ತೂರರದು ಖಾನಸಾಹೇಬರನ್ನೇ ನೆನಪಿಗೆ ತರುವ ಮಾರ್ದವ. ಒಬ್ಬರು ಇನ್ನೊಬ್ಬರಂತಿಲ್ಲ, ಯಾರೂ ಗುರುವಿನ ಪಡಿಯಚ್ಚಲ್ಲ. ತನ್ನದಲ್ಲದ ಕಂಠವನ್ನು ಅನುಕರಿಸಿ ಗೆಲ್ಲಲಾಗದೆಂಬುದನ್ನು ಆ ಗುರು ತನ್ನ ಒರಟು ಕಂಠದೊಡನೆ ಸೆಣಸಿಯೇ ಕಲಿತಿದ್ದರು. ಅವರು ಕೊಟ್ಟುದು ಧ್ವನಿಯನ್ನಲ್ಲ, ಸ್ವರದ ಮೇಲಿನ ನಿಷ್ಠೆಯನ್ನು. ಅದಕ್ಕಾಗಿಯೇ ಅವರ ಕಂಠ ನಿಂತಮೇಲೂ ಅವರ ಸಂಗೀತ ಅರವತ್ತಕ್ಕೂ ಹೆಚ್ಚು ವರ್ಷ ನಾಡಿನ ಕಿವಿಯಲ್ಲಿ ಹಾಡುತ್ತಿತ್ತು.