ಒಂದೇ ಹೆಸರಿನ ತಂದೆ ಮಕ್ಕಳು

ಅಜ್ಜನ ಹೆಸರನ್ನೇ ಮೊಮ್ಮಗನಿಗಿಡುವವರು ನಾವು. ಹಳೆಯ ಜ್ಞಾನಸ್ನಾನದ ಪುಸ್ತಕದಲ್ಲಿ ಒಂದೇ ಹೆಸರಿನ ಮೂವರು ಸಿಕ್ಕರೆ, ತಂದೆಯ ಹೆಸರು ನೋಡಿಯೇ ಗುರುತಿಸಬೇಕು. ಜಕ್ಕೂರಿನ ನೆರೆಯ ಯಲಹಂಕದ ನಾಡಪ್ರಭುಗಳಲ್ಲೂ ಇದೇ ತೊಡಕು.

ಈ ಕುಲದ ಹಿರಿಯ ರಣಭೈರೇಗೌಡರು ತಮಿಳು ಸೀಮೆಯಿಂದ ಬಂದು ಆವತಿಯಲ್ಲಿ ನೆಲೆಸಿದರೆಂಬುದು ಐತಿಹ್ಯ. ಯಲಹಂಕದಲ್ಲಿ ಆಳಿದವರು ಜಯಗೌಡರು. ಅವರ ಮಗ ಗಿಡ್ಡೇಗೌಡ, ಮೊಮ್ಮಗ ಕೆಂಪನಂಜೇಗೌಡ. ಈ ಕೆಂಪನಂಜೇಗೌಡರ ಮಗನೇ 1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡ. ಸ್ವಂತ ನಾಣ್ಯ ಹೊರಡಿಸಿದ್ದಕ್ಕೆ ಆನೆಗೊಂದಿಯಲ್ಲಿ ಐದು ವರ್ಷ ಸೆರೆವಾಸ ಅನುಭವಿಸಿದರೆಂದೂ ಹೇಳುತ್ತಾರೆ.

ಮಗನೂ ಕೆಂಪೇಗೌಡನೇ! ಇಮ್ಮಡಿ, ಮುಮ್ಮಡಿ ಎಂಬ ಮಾತು ಮರೆತರೆ ಎಲ್ಲವೂ ಒಬ್ಬರ ಲೆಕ್ಕಕ್ಕೆ ಸೇರುತ್ತದೆ. ನೀವು ಪೇಟೆಗೆ ಹೋಗುವಾಗ ಮೇಖ್ರಿ ವೃತ್ತದ ಬಳಿ ಸಿಗುವ ಗಡಿಗೋಪುರ ತಂದೆಯದೆಂದು ಕೆಲವರು, ಮಗನದೆಂದು ಕೆಲವರು. ದುಡಿದ ಮಗನ ಹೆಸರು ಅಳಿಸಿಹೋಗುವುದು ಸಣ್ಣ ನಷ್ಟವಲ್ಲ. ಇಲ್ಲಿ ನೆರವಾಗುವುದು ಕಲ್ಲು. ದಾನ ಕೊಟ್ಟವನ ಜೊತೆ ಅವನ ತಂದೆಯನ್ನೂ ಹೆಸರಿಸುವುದು ಶಾಸನಗಳ ವಾಡಿಕೆ. ಬಿ. ಎಲ್. ರೈಸ್ ಬೆಂಗಳೂರು ಜಿಲ್ಲೆಯ ಶಾಸನಗಳನ್ನು 1905ರಲ್ಲೇ ಅಚ್ಚುಹಾಕಿಸಿದರು.

1638ರಲ್ಲಿ ಬೆಂಗಳೂರು ಬಿಜಾಪುರದವರ ಪಾಲಾಯಿತು. ಮನೆತನ ಮಾಗಡಿಗೆ ಸರಿಯಿತು. ಹಿರಿಯ ಕೆಂಪೇಗೌಡರದೆಂದು ಹೇಳಲಾಗುವ ಸಮಾಧಿಯನ್ನು ಗುರುತಿಸಿದ್ದು 2015ರಲ್ಲಿ, ಅದೇ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ.