ನಾಯಿ ಕಿವಿಗೆ ಸೀಟಿ ಊದಿದ ಗಾಲ್ಟನ್

ರಾತ್ರಿ ನಾಯಿಗಳು ಸುಮ್ಮಸುಮ್ಮನೆ ಬೊಗಳಿದರೆ ದೆವ್ವ ಕಂಡಿರಬೇಕು ಅಂತ ಊರಲ್ಲಿ ಹೇಳ್ತಾರೆ. ದೆವ್ವದ ವಿಚಾರ ನನಗೆ ಬೇಡ. ನಮಗೆ ಕೇಳದ ಸದ್ದು ಪ್ರಾಣಿಗಳಿಗೆ ಕೇಳುತ್ತಾ ಅಂತ ಸೀಟಿ ಊದಿ ನೋಡಿದ ಫ್ರಾನ್ಸಿಸ್ ಗಾಲ್ಟನ್ ಅವರ ಜೀವನ ಬರೆಯುತ್ತಿದ್ದೇನೆ.

ಇವರು 1822ನೇ ಇಸವಿ ಫೆಬ್ರವರಿ 16ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಹತ್ತಿರ ಹುಟ್ಟಿದರು. ವಿಜ್ಞಾನ ಪಾಠದ ಚಾರ್ಲ್ಸ್ ಡಾರ್ವಿನ್‌ಗೂ ಇವರಿಗೂ ತಾತ ಒಬ್ಬರೇ, ಅಜ್ಜಿಯರು ಬೇರೆ. ವೈದ್ಯ ಓದಲು ಹೋಗಿ ಅರ್ಧಕ್ಕೇ ಬಿಟ್ಟರು. ತಂದೆಯ ಆಸ್ತಿ ಬಂದಿದ್ದರಿಂದ ದುಡಿಯುವ ಗೋಜೇ ಇರಲಿಲ್ಲ. ಏನು ಕಂಡರೂ ಅಳೆಯಬೇಕು, ಅದೇ ಅವರ ಹುಚ್ಚು.

1876ರಲ್ಲಿ ಒಂದು ಪುಟ್ಟ ಸೀಟಿ ಮಾಡಿಸಿದರು. ತುದಿಯಲ್ಲಿ ತಿರುಪು. ತಿರುಪು ಒಳಗೆ ಹೋದಷ್ಟೂ ಕೊಳವೆ ಗಿಡ್ಡ, ಗಿಡ್ಡ ಆದಷ್ಟೂ ಸದ್ದು ಕೀರಲು. ಆ ಸದ್ದು ಹುಡುಗರಿಗೆ ಕೇಳಿತು, ಮುದುಕರಿಗೆ ಕೇಳಲಿಲ್ಲ! ಸದ್ದು ಅಂದರೆ ಗಾಳಿಯ ಅಲುಗಾಟ. ಅದು ಕಿವಿ ತಮಟೆಗೆ ಬಡಿದು, ಮೂರು ಪುಟ್ಟ ಮೂಳೆ ದಾಟಿ, ಒಳಗಿನ ಶಂಖದಂಥ ಭಾಗಕ್ಕೆ ಹೋಗುತ್ತೆ. ಕೀರಲು ಸದ್ದು ಹಿಡಿಯುವ ಜೀವಕೋಶಗಳು ಆ ಶಂಖದ ಬಾಗಿಲಲ್ಲೇ ಇವೆ. ವಯಸ್ಸಾದಂತೆ ಮೊದಲು ಹಾಳಾಗೋದೂ ಅವೇ. ನಮ್ಮ ಕಿವಿಗೆ ಸೆಕೆಂಡಿಗೆ ಸುಮಾರು 20,000 ಅಲುಗಾಟದವರೆಗೆ ಕೇಳಿಸುತ್ತೆ, ನಾಯಿಗೆ ಸುಮಾರು 45,000ದವರೆಗೆ. ಮೇಲಾಗಿ ನಾಯಿ ಕಿವಿಯನ್ನು ಸದ್ದು ಬಂದ ಕಡೆ ತಿರುಗಿಸಬಲ್ಲದು.

ಗಾಲ್ಟನ್ ಸೀಟಿಯನ್ನು ಊರುಗೋಲಿನ ತುದಿಗೆ ಕಟ್ಟಿ, ಅದಕ್ಕೊಂದು ರಬ್ಬರ್ ಕೊಳವೆ ಸೇರಿಸಿ ಲಂಡನ್ನಿನ ಪ್ರಾಣಿ ಸಂಗ್ರಹಾಲಯಕ್ಕೆ ಹೋದರು. ಪ್ರಾಣಿ ಕಿವಿ ಹತ್ತಿರ ಕೋಲು ಹಿಡಿದು ರಬ್ಬರ್ ಅದುಮೋದು, ಕಿವಿ ನಿಮಿರಿದರೆ ಕೇಳಿಸಿತು ಅಂತ ಲೆಕ್ಕ. (ಸಿಂಹದ ಹತ್ತಿರವೂ! ಧೈರ್ಯ ನೋಡಿ.) ಎಲ್ಲದಕ್ಕಿಂತ ಬೆಕ್ಕು ಚುರುಕು ಅನ್ನಿಸಿತು. ಚಿಕ್ಕ ನಾಯಿಗಳಿಗೂ ಕೇಳಿಸಿತು. ಸ್ವಿಟ್ಜರ್ಲೆಂಡಿನ ಬರ್ನ್ ಪೇಟೆಯಲ್ಲಿ ಬಿದ್ದುಕೊಂಡಿದ್ದ ದೊಡ್ಡ ನಾಯಿಗಳ ಹತ್ತಿರ ಗಂಟೆಗಟ್ಟಲೆ ಊದಿದರು, ಒಂದೂ ಕಿವಿ ಎತ್ತಲಿಲ್ಲ. ದೊಡ್ಡ ನಾಯಿಗೆ ಕೇಳೋದೇ ಇಲ್ಲ ಅಂದುಕೊಂಡರು. ಅದು ತಪ್ಪು. 1983ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅಂಗೈಯಗಲದ ಚಿವಾವಾಕ್ಕೂ ಕರುವಿನಷ್ಟು ದೊಡ್ಡ ಸೇಂಟ್ ಬರ್ನಾರ್ಡ್‌ಗೂ ಹೆಚ್ಚುಕಡಿಮೆ ಒಂದೇ ಮಿತಿ ಸಿಕ್ಕಿತು. ಬರ್ನ್ ನಾಯಿಗಳಿಗೆ ಕೇಳಿರಬಹುದು, ಏಳಲು ಸೋಮಾರಿತನ ಇದ್ದಿರಬಹುದು ಅಂತ ನನಗನ್ನಿಸುತ್ತೆ.

ಮುಂದಿನದ್ದು ಬರೆಯೋದು ಬೇಡ ಅನ್ನಿಸಿತ್ತು, ಆದರೆ ಬಿಟ್ಟರೆ ಅರ್ಧ ಜೀವನ ಆಗುತ್ತೆ. ಮನುಷ್ಯರನ್ನೂ ಅವರು ಹೀಗೇ ಅಳೆದರು. 1892ರಲ್ಲಿ ಬೆರಳಚ್ಚಿನ ಬಗ್ಗೆ ಬರೆದ ಪುಸ್ತಕದಿಂದ ಪೊಲೀಸರಿಗೆ ಉಪಕಾರವಾಯಿತು. ಆದರೆ ಬುದ್ಧಿ ಹುಟ್ಟಿನಿಂದಲೇ ಬರುತ್ತೆ, ಒಳ್ಳೇ ಮನೆತನದವರಿಗೆ ಮಕ್ಕಳು ಹೆಚ್ಚಬೇಕು, ಉಳಿದವರಿಗೆ ಕಡಿಮೆಯಾಗಬೇಕು ಅಂತಲೂ ಹೇಳಿದರು. ಅದಕ್ಕೆ 1883ರಲ್ಲಿ ಯೂಜೆನಿಕ್ಸ್ ಅಂತ ಹೆಸರಿಟ್ಟರು. ಈ ಮಾತು ನಂಬಿ ಅಮೆರಿಕದ ಇಂಡಿಯಾನಾದಲ್ಲಿ 1907ರಲ್ಲಿ, ಜರ್ಮನಿಯಲ್ಲಿ 1933ರಲ್ಲಿ, ಬಲವಂತವಾಗಿ ಮಕ್ಕಳಾಗದಂತೆ ಮಾಡುವ ಕಾನೂನು ಬಂತು. ಬೀದಿಯಲ್ಲಿ ಮಲಗಿದ ನಾಯಿಯ ವಿಷಯದಲ್ಲೇ ಲೆಕ್ಕ ತಪ್ಪಿದವರು ಯಾರ ಮಕ್ಕಳು ದಡ್ಡರು ಅಂತ ಹೇಗೆ ಹೇಳಿದರೋ!

ಅವರಿಗೇ ಮಕ್ಕಳಿರಲಿಲ್ಲ. 1911ರ ಜನವರಿ 17ರಂದು ತೀರಿಕೊಂಡರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಒಂದು ಪಾಠದ ಹಾಲಿಗೆ ಅವರ ಹೆಸರಿತ್ತು. 2020ರಲ್ಲಿ ಅದನ್ನು ತೆಗೆದರು.