ಅದನ್ನು ಕುಣಿತ ಅಂದುಕೊಂಡಿದ್ವಿ

ಕಪ್ಪು ಟೀ ಶರ್ಟ್ ಮೇಲೆ ಬೆಟ್ಟಸಾಲಿನಂಥ ಬಿಳಿ ಗೆರೆಗಳು. ನಿಮ್ಮಲ್ಲೂ ಕೆಲವರ ಹತ್ರ ಇರುತ್ತೆ. 1967ರಲ್ಲಿ ಪತ್ತೆಯಾದ ಮೊದಲ ಪಲ್ಸಾರ್ ನಕ್ಷತ್ರದ ರೇಡಿಯೊ ಸಿಗ್ನಲ್ ಗ್ರಾಫ್ ಅದು. ಎಂಜಿನಿಯರಿಂಗ್ ಓದ್ತಿದ್ದ ನನಗೆ ಮೊದಲು ಹಿಡಿಸಿದ್ದು ಗ್ರಾಫು, ಆಮೇಲೆ ಹಾಡು. ಜಾಯ್ ಡಿವಿಷನ್ ಬ್ಯಾಂಡಿನ ಮೊದಲ ಆಲ್ಬಂ 'ಅನ್‌ನೋನ್ ಪ್ಲೆಷರ್ಸ್', 1979ರದ್ದು.

ಗಾಯಕ ಇಯಾನ್ ಕರ್ಟಿಸ್ ಹುಟ್ಟಿದ್ದು 1956ರಲ್ಲಿ, ಮ್ಯಾಂಚೆಸ್ಟರ್ ಪಕ್ಕದ ಸ್ಟ್ರೆಟ್‌ಫರ್ಡ್‌ನಲ್ಲಿ. 19ಕ್ಕೇ ಮದುವೆ. ರಾತ್ರಿ ಹಾಡು, ಹಗಲು ಸರ್ಕಾರಿ ಉದ್ಯೋಗ ಕಚೇರಿಯಲ್ಲಿ ಅಂಗವಿಕಲರಿಗೆ ಕೆಲಸ ಹುಡುಕಿಕೊಡುವ ನೌಕರಿ. ಅಲ್ಲಿಗೆ ಬರ್ತಿದ್ದ, ಅಪಸ್ಮಾರವಿದ್ದ ಯುವತಿಯೊಬ್ಬಳು ತೀರಿಕೊಂಡಳು. ಅವಳ ನೆನಪಲ್ಲಿ ಹುಟ್ಟಿದ್ದು 'ಶೀಸ್ ಲಾಸ್ಟ್ ಕಂಟ್ರೋಲ್'.

1978ರ ಡಿಸೆಂಬರಿನಲ್ಲಿ ಲಂಡನ್ ಕಾರ್ಯಕ್ರಮ ಮುಗಿಸಿ ವಾಪಸ್ ಬರುವಾಗ ಅವನಿಗೇ ಮೂರ್ಛೆ ಬಂತು. ಮುಂದಿನ ತಿಂಗಳು, ಅಪಸ್ಮಾರ ಅಂತ ಖಚಿತವಾಯ್ತು. ಮಾತ್ರೆ ಮೇಲೆ ಮಾತ್ರೆ, ನಿದ್ದೆಗೆಟ್ಟ ರಾತ್ರಿಗಳು, ಸ್ಟೇಜಿನ ಮಿಂಚುವ ದೀಪಗಳು. ಕೈಬೀಸಿ ಅದುರುವ ಅವನ ಕುಣಿತ ಮೊದಲೇ ಪ್ರಸಿದ್ಧ. ಹಾಗಾಗಿ ಸ್ಟೇಜಲ್ಲೇ ಮೂರ್ಛೆ ಬಂದಾಗ ಅದೂ ಕುಣಿತವೇ ಅಂತ ಜನ ಚಪ್ಪಾಳೆ ಹೊಡೆದರು.

ಹಾಸ್ಟೆಲ್ಲಲ್ಲಿ ನಾವೂ ಆ ವಿಡಿಯೊ ಹಾಕ್ಕೊಂಡು ಅವನಂತೆ ಕೈ ಬೀಸಿ ನಕ್ಕಿದ್ದೀವಿ. ಕಾಯಿಲೆ ವಿಷಯ ಆಮೇಲೆ ಓದಿದಾಗ ನಾಚಿಕೆಯಾಯ್ತು.

ಮಗಳು ಹುಟ್ಟಿದ್ದಳು, ಮದುವೆ ಮುರೀತಿತ್ತು, ಖಿನ್ನತೆ ಬೇರೆ. 1980ರ ಮಾರ್ಚಿನಲ್ಲಿ ಎರಡನೇ ಆಲ್ಬಂ 'ಕ್ಲೋಸರ್' ರೆಕಾರ್ಡ್ ಮಾಡಿದರು. ಏಪ್ರಿಲ್‌ನಲ್ಲಿ ಅತಿಯಾಗಿ ಮಾತ್ರೆ ನುಂಗಿ ಬದುಕುಳಿದವನು, ಅದರ ಬೆನ್ನಿಗೇ ಬರಿ ಊರಿನ ಕಾರ್ಯಕ್ರಮಕ್ಕೆ ಬಂದಿದ್ದ. ಮೇ 18ರಂದು, ಅಮೆರಿಕ ಪ್ರವಾಸಕ್ಕೆ ಹೊರಡುವ ಹಿಂದಿನ ದಿನ, ಆತ್ಮಹತ್ಯೆ ಮಾಡಿಕೊಂಡ. ವಯಸ್ಸು 23. 'ಕ್ಲೋಸರ್' ಬಂದಿದ್ದು ಜುಲೈನಲ್ಲಿ.

ಒಂದೇ ಕಾರಣ ಅಂತ ಹೇಳೋಕಾಗಲ್ಲ. ಆದರೆ ನೋವೇ ಕಲೆಯ ತಾಯಿ ಅನ್ನೋ ಮಾತು ಕೇಳಿದಾಗ ಈಗ ಸಿಟ್ಟು ಬರುತ್ತೆ. ಇನ್ನೊಬ್ಬರ ದೇಹಕ್ಕೆ ಒಗ್ಗುವ ಕೆಲಸ ಹುಡುಕುತ್ತಿದ್ದವನಿಗೆ ತನ್ನ ದೇಹಕ್ಕೆ ಬೇಕಿದ್ದ ರಜೆ ಸಿಗಲಿಲ್ಲ. ಡೆಡ್‌ಲೈನ್ ಮುಂದೆ ಆರೋಗ್ಯ ಮುಚ್ಚಿಟ್ಟು ದುಡಿಯುವ ಗೆಳೆಯರು ನಮ್ಮ ನಡುವೆಯೂ ಇದ್ದಾರೆ. ಅವರ ಕೆಲಸಕ್ಕೆ ಭೇಷ್ ಅನ್ನೋ ಮೊದಲು ಹೇಗಿದ್ದೀಯಾ ಅಂತ ಕೇಳಬೇಕಿದೆ.

ಟೀ ಶರ್ಟ್ ಈಗಲೂ ಹಾಕ್ತೀನಿ. ಆ ಕುಣಿತ ಮಾತ್ರ ಮತ್ತೆ ಅನುಕರಿಸಿಲ್ಲ.